ಹೊರಹೋಗಲು ಬಾಗಿಲಿಲ್ಲದ ಕಬ್ಬಿಣ

ಕಳೆದ ದೀಪಾವಳಿಗೆ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ ಚಿಕ್ಕಪ್ಪ ತಮ್ಮ ರಕ್ತ ಪರೀಕ್ಷೆಯ ರಿಪೋರ್ಟು ತಂದು ನನ್ನ ಮುಂದೆ ಹಿಡಿದರು. ಒಂದು ಸಾಲಿನ ಮೇಲೆ ಬೆರಳಿಟ್ಟಿದ್ದರು. ಫೆರಿಟಿನ್ 412 ಎಂದಿತ್ತು, ಪಕ್ಕದಲ್ಲಿ ಮೇಲಕ್ಕೆ ನೋಡುವ ಒಂದು ಬಾಣ. "ಇದು ಮೈಯಲ್ಲಿರೋ ಕಬ್ಬಿಣದ ಲೆಕ್ಕ ಅಂತಲ್ವೇನಮ್ಮ? ಜಾಸ್ತಿ ಇದ್ರೆ ಒಳ್ಳೇದೇ ತಾನೆ?" ಎಂದು ಕೇಳಿದರು.

ಅಡುಗೆಮನೆಯ ಹೊಸ್ತಿಲಲ್ಲಿ ಅವರ ಮಗಳು ನಿಂತಿದ್ದಳು. ಇಪ್ಪತ್ತಾರರ ಹುಡುಗಿ, ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ. ಅವಳ ಹಿಮೋಗ್ಲೋಬಿನ್ 9.4, ಫೆರಿಟಿನ್ ಬರೀ 8. ಇಬ್ಬರೂ ಉಣ್ಣುವುದು ಅದೇ ಮುದ್ದೆ, ಅದೇ ಬಸ್ಸಾರು, ಅದೇ ಪಲ್ಯ. ಫ್ರಿಜ್ಜಿನ ಮೇಲೆ ಒಂದು ಕಬ್ಬಿಣದ ಟಾನಿಕ್ಕಿನ ಬಾಟಲಿ ಇತ್ತು. 'ಯಾಕೋ ಸುಸ್ತು' ಎಂದಿದ್ದಕ್ಕೆ ಔಷಧಿ ಅಂಗಡಿಯಲ್ಲಿ ಕೊಟ್ಟಿದ್ದಂತೆ. ಒಂದು ವರ್ಷದಿಂದ ಅದನ್ನು ಕುಡಿಯುತ್ತಿದ್ದವರು ಚಿಕ್ಕಪ್ಪ. ಮಗಳು ಹೊಟ್ಟೆ ತೊಳಸುತ್ತದೆ ಎಂದು ನಾಲ್ಕೇ ದಿನಕ್ಕೆ ಬಿಟ್ಟಿದ್ದಳು. ಬೇಕಾದವಳು ಬಿಟ್ಟಿದ್ದಳು, ಬೇಡದವರು ತಪ್ಪದೆ ಕುಡಿಯುತ್ತಿದ್ದರು.

ಆ ಬಾಟಲಿ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ಕಬ್ಬಿಣ ಎಂದರೆ ಶಕ್ತಿ, ರಕ್ತ, ಆರೋಗ್ಯ ಎಂದು ನಾವು ಶಾಲೆಯ ಪಾಠದಲ್ಲಿ, ಅಂಗನವಾಡಿಯ ಗೋಡೆಬರಹದಲ್ಲಿ, ರೇಡಿಯೊದಲ್ಲಿ ಕಲಿತಿದ್ದೇವೆ. ಹಾಗೆ ಕಲಿಸಿದ್ದು ತಪ್ಪಲ್ಲ. ಆದರೆ ಆ ಪಾಠ ಅರ್ಧಕ್ಕೇ ನಿಂತಿತು. ಉಳಿದರ್ಧ ಚಿಕ್ಕಪ್ಪನಂಥವರಿಗೆ ಯಾರೂ ಹೇಳಲಿಲ್ಲ.

ಮೊದಲು ಅವರ ರಿಪೋರ್ಟಿನ ಬೇರೆ ಸಾಲುಗಳನ್ನು ನೋಡೋಣ. ವಯಸ್ಸು 58. ಸೊಂಟದ ಸುತ್ತಳತೆ 98 ಸೆಂಟಿಮೀಟರ್. ಬೆಳಗಿನ ಖಾಲಿಹೊಟ್ಟೆಯ ಶುಗರ್ 108. ಟ್ರೈಗ್ಲಿಸರೈಡ್ 190. ಬಿ.ಪಿ. 138/88. ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ 'ಬಾರ್ಡರು' ಎಂದು ಪಕ್ಕಕ್ಕಿಡಬಹುದು. ಅವರು ಇಟ್ಟಿದ್ದೂ ಹಾಗೆಯೇ. ಆದರೆ ಇವು ಒಟ್ಟಾಗಿ ಬಂದಾಗ ಅದಕ್ಕೊಂದು ಹೆಸರಿದೆ: ಮೆಟಬಾಲಿಕ್ ಸಿಂಡ್ರೋಮ್. ತಿಂದದ್ದನ್ನು ಮೈ ಬಳಸಿಕೊಳ್ಳುವ ಕ್ರಮವೇ ದಾರಿ ತಪ್ಪಿದ ಸ್ಥಿತಿ. ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರ ಬ್ಯಾಂಟಿಂಗ್ ಉಪನ್ಯಾಸದಲ್ಲಿ, ಈ ತೊಂದರೆಗಳು ಒಬ್ಬನಲ್ಲೇ ಗುಂಪಾಗಿ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ, ಇವುಗಳ ಬೇರಿನಲ್ಲಿರುವುದು ಇನ್ಸುಲಿನ್ ಮಾತನ್ನು ಜೀವಕೋಶಗಳು ಕೇಳದಿರುವುದು ಎಂದರು. ಅದನ್ನು ಅವರು 'ಸಿಂಡ್ರೋಮ್ ಎಕ್ಸ್' ಎಂದು ಕರೆದರು. ಈಗ ಬಳಕೆಯಲ್ಲಿರುವ ಅಳತೆಗೋಲು 2009ರದ್ದು. ಸೊಂಟ ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಥವಾ ಅದಕ್ಕೆ ಮೇಲೆ, ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ಬಿ.ಪಿ. 130/85 ಮುಟ್ಟಿರುವುದು, ಖಾಲಿಹೊಟ್ಟೆಯ ಶುಗರ್ 100 ಮುಟ್ಟಿರುವುದು. ಐದರಲ್ಲಿ ಮೂರಿದ್ದರೆ ಆಯಿತು. ಚಿಕ್ಕಪ್ಪನಿಗೆ ನಾಲ್ಕಿದ್ದವು.

ಅವರು ಒಬ್ಬಂಟಿಯಲ್ಲ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ವರದಿ 2023ರಲ್ಲಿ ಬಂದಾಗ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ಎಂದು ಲೆಕ್ಕ ಸಿಕ್ಕಿತು. ಹೊಟ್ಟೆಯ ಬೊಜ್ಜು ಹೆಚ್ಚುಕಡಿಮೆ ಶೇ 40ರಷ್ಟು ಜನರಿಗೆ. ಅದಕ್ಕೂ ಸ್ವಲ್ಪ ಹಿಂದೆ, 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಇದೇ ದೇಶದ 15ರಿಂದ 49ರ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತ್ತು. ಕರ್ನಾಟಕದಲ್ಲಿ ಶೇ 47.8. ಈ ಎರಡು ಲೆಕ್ಕಗಳನ್ನು ಎರಡು ಬೇರೆ ಇಲಾಖೆಯವರು, ಬೇರೆ ಬೇರೆ ವೈದ್ಯರು, ಬೇರೆ ಬೇರೆ ಕಾರ್ಯಕ್ರಮಗಳವರು ಓದುತ್ತಾರೆ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಇವೆರಡೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತವೆ.

ಈಗ ಕಬ್ಬಿಣದ ಕಡೆ ತಿರುಗೋಣ. ದೊಡ್ಡವರ ಮೈಯಲ್ಲಿ ಇರುವ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಹೊರುವ ಕೆಲಸದಲ್ಲಿದೆ. ಉಳಿದದ್ದು ಬಹುಪಾಲು ಲಿವರಿನಲ್ಲಿ, ಗುಲ್ಮದಲ್ಲಿ, ಮೂಳೆಮಜ್ಜೆಯಲ್ಲಿ ದಾಸ್ತಾನು. ಆ ದಾಸ್ತಾನಿಗೆ ಚೀಲದಂತಿರುವ ಪ್ರೋಟೀನೇ ಫೆರಿಟಿನ್. ಕೆಂಪು ಕಣವೊಂದು ಸುಮಾರು 120 ದಿನ ಬದುಕಿ ಸಾಯುತ್ತದೆ. ಸತ್ತ ಕಣದ ಕಬ್ಬಿಣವನ್ನು ಮೈ ಎಸೆಯುವುದಿಲ್ಲ, ಬಿಡಿಸಿಕೊಂಡು ಹೊಸ ಕಣಕ್ಕೆ ಹಾಕುತ್ತದೆ. ಹೀಗೆ ದಿನಕ್ಕೆ 20–25 ಮಿಲಿಗ್ರಾಂ ಒಳಗೇ ಸುತ್ತುತ್ತಿರುತ್ತದೆ. ಊಟದಿಂದ ಹೊಸದಾಗಿ ಒಳಬರುವುದು ಒಂದೆರಡು ಮಿಲಿಗ್ರಾಂ ಅಷ್ಟೆ. ಉದುರುವ ಚರ್ಮದಲ್ಲಿ, ಕರುಳಿನ ಸವೆದ ಪದರದಲ್ಲಿ ಹೊರಹೋಗುವುದೂ ಅಷ್ಟೇ.

ಈ ವಿಷಯದ ಕೀಲಿ ಇರುವುದು ಇಲ್ಲಿ. ಉಪ್ಪು ಹೆಚ್ಚಾದರೆ ಮೂತ್ರಪಿಂಡ ಹೊರಹಾಕುತ್ತದೆ, ನೀರು ಹೆಚ್ಚಾದರೂ ಹೊರಹಾಕುತ್ತದೆ. ಕಬ್ಬಿಣ ಹೆಚ್ಚಾದರೆ ಹೊರಹಾಕಲು ಮೈಯಲ್ಲಿ ಒಂದು ದಾರಿಯೇ ಇಲ್ಲ. ಇಂಗ್ಲೆಂಡಿನ ರಾಬರ್ಟ್ ಮೆಕಾನ್ಸ್ ಮತ್ತು ಎಲ್ಸಿ ವಿಡ್ಡೋಸನ್ ಎಂಬ ಇಬ್ಬರು 1937ರಲ್ಲೇ ಇದನ್ನು ಹೇಳಿದರು: ಮೈ ಕಬ್ಬಿಣದ ಲೆಕ್ಕ ಸರಿದೂಗಿಸುವುದು ಒಳಬಿಡುವ ಬಾಗಿಲಿನಲ್ಲಿ, ಹೊರಬಿಡುವ ಬಾಗಿಲಿನಲ್ಲಲ್ಲ. ಹೊರಬಾಗಿಲು ಸಿಗುವುದು ರಕ್ತ ಹೋದಾಗ ಮಾತ್ರ. ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ ತಿಂಗಳು ತಿಂಗಳೂ ಹೋಗುತ್ತದೆ. ಹೆರಿಗೆಯಲ್ಲಿ ಹೋಗುತ್ತದೆ. ಗಂಡಸಿಗೆ ಹೋಗುವುದಿಲ್ಲ, ಮುಟ್ಟು ನಿಂತ ಹೆಂಗಸಿಗೂ ಹೋಗುವುದಿಲ್ಲ. ಚಿಕ್ಕಪ್ಪ ಮತ್ತು ಅವರ ಮಗಳ ನಡುವಿನ 412 ಮತ್ತು 8ರ ಅಂತರದ ಒಂದು ದೊಡ್ಡ ಪಾಲು ಇದರಲ್ಲಿದೆ.

ಒಳಬಿಡುವ ಬಾಗಿಲನ್ನು ಕಾಯುವವರು ಯಾರು ಎಂಬುದು ತಿಳಿದದ್ದು ಮಾತ್ರ ತೀರ ಈಚೆಗೆ, 2000ದ ಸುಮಾರಿಗೆ. ಲಿವರ್ ತಯಾರಿಸುವ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನು ಅದು. ದಾಸ್ತಾನು ತುಂಬಿದೆ ಎಂದಾಗ ಹೆಪ್ಸಿಡಿನ್ ಏರುತ್ತದೆ, ಕರುಳಿನ ಕೋಶಗಳಿಂದ ಕಬ್ಬಿಣ ರಕ್ತಕ್ಕೆ ದಾಟುವ ಕಿಂಡಿಗಳನ್ನು ಮುಚ್ಚಿಸುತ್ತದೆ. ದಾಸ್ತಾನು ಖಾಲಿಯಾದರೆ ಹೆಪ್ಸಿಡಿನ್ ಇಳಿಯುತ್ತದೆ, ಕಿಂಡಿ ತೆರೆಯುತ್ತದೆ. ಈ ವ್ಯವಸ್ಥೆಗೆ ಒಂದು ವಿಚಿತ್ರ ಸ್ವಭಾವವೂ ಇದೆ. ಮೈಯಲ್ಲಿ ಎಲ್ಲಿಯಾದರೂ ಉರಿಯೂತವಿದ್ದರೆ ಹೆಪ್ಸಿಡಿನ್ ಅದಕ್ಕೂ ಏರುತ್ತದೆ. ರೋಗಾಣುಗಳಿಗೂ ಕಬ್ಬಿಣ ಬೇಕು. ಸೋಂಕಿನ ಹೊತ್ತಿನಲ್ಲಿ ಅದು ಅವುಗಳ ಕೈಗೆ ಸಿಗದಂತೆ ಉಗ್ರಾಣಕ್ಕೆ ಬೀಗ ಹಾಕುವ ಹಳೆಯ ರಕ್ಷಣೆ ಇದು. ಹೊಟ್ಟೆಯ ಸುತ್ತ ತುಂಬಿದ ಕೊಬ್ಬು ಕೂಡ ಸದ್ದಿಲ್ಲದ ಒಂದು ಉರಿಯೂತವೇ. ಹಾಗಾಗಿ ದಪ್ಪಗಿರುವವರ ಉಗ್ರಾಣಕ್ಕೆ ವರ್ಷಗಟ್ಟಲೆ ಬೀಗ ಬೀಳುತ್ತದೆ. ಒಳಗೆ ಕಬ್ಬಿಣವಿದ್ದೂ ರಕ್ತ ಮಾಡಲು ಸಾಲದ ಸ್ಥಿತಿ ಬರಬಹುದು. ಕೊಬ್ಬಿರುವ ಮೈಗೆ ರಕ್ತಹೀನತೆ ಇರುವುದಿಲ್ಲ ಎಂಬ ನಂಬಿಕೆ ಸುಳ್ಳಾಗುವುದು ಹೀಗೆ.

ಹಾಗಾದರೆ ಉಗ್ರಾಣದ ಕಬ್ಬಿಣ ಮಾಡುವ ಕೇಡೇನು? ಕಬ್ಬಿಣ ತುಕ್ಕು ಹಿಡಿಯುತ್ತದೆ ಎನ್ನುವುದು ನಮಗೆ ಗೊತ್ತು. ಆಮ್ಲಜನಕದೊಡನೆ ಸುಲಭವಾಗಿ ಬೆರೆಯುವ ಆ ಗುಣದಿಂದಲೇ ಅದು ರಕ್ತದಲ್ಲಿ ಉಪಯೋಗಿ, ಆ ಗುಣದಿಂದಲೇ ಅಪಾಯಕಾರಿ. ಹೆನ್ರಿ ಫೆಂಟನ್ ಎಂಬ ರಸಾಯನ ವಿಜ್ಞಾನಿ 1894ರಲ್ಲಿ ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಆಗುವ ತೀವ್ರ ಉತ್ಕರ್ಷಣವನ್ನು ವರ್ಣಿಸಿದ್ದರು. ಜೀವಕೋಶದೊಳಗೂ ಆಗುವುದು ಅದೇ: ಕಟ್ಟಿಲ್ಲದೆ ಓಡಾಡುವ ಕಬ್ಬಿಣ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಕಿಡಿಯನ್ನು ಹುಟ್ಟಿಸುತ್ತದೆ, ಅದು ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲವನ್ನೂ ಸುಡುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಸುವ ಬೀಟಾ ಕೋಶಗಳಿಗೆ ಇಂಥ ಕಿಡಿಯನ್ನು ಆರಿಸುವ ಶಕ್ತಿ ಉಳಿದ ಅಂಗಗಳಿಗಿಂತ ಕಡಿಮೆ. ಲಿವರಿನಲ್ಲಿ ಕಬ್ಬಿಣ ಹೆಚ್ಚಾದರೆ ಅದು ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಕೊಬ್ಬಿನ ಕೋಶಗಳಲ್ಲಿ ಹೆಚ್ಚಾದರೆ, ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ಮೆಟಬಾಲಿಕ್ ಸಿಂಡ್ರೋಮಿನ ಮೂರು ಮುಖ್ಯ ಅಂಗಳಗಳಲ್ಲೂ ಕಬ್ಬಿಣದ ಹೆಜ್ಜೆ ಕಾಣುತ್ತದೆ.

ಇದು ಬರೀ ಪ್ರಯೋಗಶಾಲೆಯ ಊಹೆಯಲ್ಲ ಎಂದು ಹೇಳಲು ಎರಡು ಕಾಯಿಲೆಗಳು ಸಾಕ್ಷಿ. ಫ್ರಾನ್ಸಿನ ವೈದ್ಯ ಅರ್ಮಾಂ ಟ್ರೂಸೋ 1865ರಲ್ಲಿ ಒಬ್ಬ ರೋಗಿಯನ್ನು ವರ್ಣಿಸಿದರು: ಮೈಬಣ್ಣ ಕಂಚಿನಂತಾಗಿತ್ತು, ಲಿವರ್ ಗಟ್ಟಿಯಾಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಮುಂದೆ 'ಕಂಚಿನ ಮಧುಮೇಹ' ಎಂದು ಹೆಸರಾದ ಈ ಕಾಯಿಲೆ ಹುಟ್ಟಿನಿಂದ ಬರುವ ಹಿಮೊಕ್ರೊಮಟೋಸಿಸ್. ಹೆಪ್ಸಿಡಿನ್ ಸರಿಯಾಗಿ ಏಳದೆ ಒಳಬಾಗಿಲು ಸದಾ ತೆರೆದಿರುವ ರೋಗ. ಅದಕ್ಕೆ ಕಾರಣವಾದ ಮುಖ್ಯ ಜೀನ್ 1996ರಲ್ಲಿ ಸಿಕ್ಕಿತು. ಉತ್ತರ ಯುರೋಪಿನ ಮೂಲದವರಲ್ಲಿ ಅದು ಸಾಮಾನ್ಯ, ನಮ್ಮಲ್ಲಿ ತೀರ ಅಪರೂಪ. ನಮ್ಮಲ್ಲಿ ಕಾಣುವುದು ಇನ್ನೊಂದು: ಥಲಸ್ಸೀಮಿಯಾ. ಬದುಕಲು ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕಾದ ಮಕ್ಕಳಿಗೆ ಒಂದೊಂದು ಬಾಟಲಿ ರಕ್ತದ ಜೊತೆ 200–250 ಮಿಲಿಗ್ರಾಂ ಕಬ್ಬಿಣ ಒಳಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಅದನ್ನು ತೆಗೆಯುವ ಔಷಧಿ ತಪ್ಪಿದರೆ ಹೃದಯ ಕೆಡುತ್ತದೆ, ಹರೆಯಕ್ಕೆ ಬರುವ ಹೊತ್ತಿಗೆ ಹಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಕಬ್ಬಿಣ ಹೆಚ್ಚಾದರೆ ಏನಾಗುತ್ತದೆ ಎಂದು ಆ ಮಕ್ಕಳ ತಾಯಂದಿರಿಗೆ ಯಾರೂ ಪಾಠ ಹೇಳಬೇಕಿಲ್ಲ.

ಊಟದಿಂದಲೇ ಅಷ್ಟು ಹೆಚ್ಚಾಗಲು ಸಾಧ್ಯವೇ? ಅಪರೂಪಕ್ಕೆ ಸಾಧ್ಯ. ದಕ್ಷಿಣ ಆಫ್ರಿಕಾದಲ್ಲಿ ಮನೆಯಲ್ಲೇ ಕಬ್ಬಿಣದ ಪೀಪಾಯಿಗಳಲ್ಲಿ ಹುಳಿಸಿದ ಸಾಂಪ್ರದಾಯಿಕ ಬಿಯರ್ ಕುಡಿಯುತ್ತಿದ್ದವರಲ್ಲಿ ಕಳೆದ ಶತಮಾನದ ಮೊದಲರ್ಧದಿಂದಲೂ ಲಿವರಿನಲ್ಲಿ ಕಬ್ಬಿಣ ತುಂಬಿದ್ದನ್ನು ವೈದ್ಯರು ಕಂಡಿದ್ದರು. ಹುಳಿಯಾದ ಬಿಯರು ಪೀಪಾಯಿಯ ಕಬ್ಬಿಣವನ್ನು ಕರಗಿಸಿಕೊಳ್ಳುತ್ತಿತ್ತು, ದಿನಕ್ಕೆ 50ರಿಂದ 100 ಮಿಲಿಗ್ರಾಂ ಒಳಹೋಗುತ್ತಿತ್ತು. ಇದನ್ನು ಓದಿ ಯಾರೂ ಮನೆಯ ಕಬ್ಬಿಣದ ಕಾವಲಿ ಎಸೆಯಬೇಡಿ. ದೋಸೆ ಹುಯ್ಯುವ ಕಾವಲಿಯಿಂದ ಬರುವುದು ಅದರ ಒಂದು ಚೂರು, ಮತ್ತು ನಮ್ಮ ಹೆಣ್ಣುಮಕ್ಕಳಿಗೆ ಅದು ಬೇಕಾದದ್ದೇ.

ಸಾಮಾನ್ಯ ಜನರ ಮೇಲೆ ನಡೆದ ಅಧ್ಯಯನಗಳ ಕಥೆ ಇನ್ನೂ ಗೋಜಲಿನದು. ಅಮೆರಿಕದ ಜೆರೋಮ್ ಸಲಿವನ್ 1981ರಲ್ಲಿ ಒಂದು ಪ್ರಶ್ನೆ ಎತ್ತಿದರು: ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಹೃದಯಾಘಾತ ಕಡಿಮೆ ಇರುವುದು ಅವರ ಮೈಯಲ್ಲಿ ಕಬ್ಬಿಣ ಕಡಿಮೆ ಇರುವುದರಿಂದಲೋ ಏನೋ? ಪೂರ್ವ ಫಿನ್ಲೆಂಡಿನ ಸುಮಾರು 1,900 ಗಂಡಸರನ್ನು ಗಮನಿಸಿದ ಅಧ್ಯಯನ 1992ರಲ್ಲಿ ಬಂತು. ಫೆರಿಟಿನ್ 200 ದಾಟಿದವರಿಗೆ ಹೃದಯಾಘಾತದ ಅಪಾಯ ಎರಡು ಪಟ್ಟಿಗೂ ಹೆಚ್ಚಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಆರು ಸಾವಿರದಷ್ಟು ವಯಸ್ಕರ ಲೆಕ್ಕವನ್ನು 2004ರಲ್ಲಿ ಬಿಡಿಸಿ ನೋಡಿದಾಗ, ಫೆರಿಟಿನ್ ಏರಿದಂತೆ ಮೆಟಬಾಲಿಕ್ ಸಿಂಡ್ರೋಮೂ ಹೆಚ್ಚಾಗಿ ಕಂಡಿತು. ಅಲ್ಲಿಂದೀಚೆಗೆ ಹಲವು ದೇಶಗಳಿಂದ ಇದೇ ಮಾತು ಬಂದಿದೆ.

ಆದರೆ ಇಲ್ಲಿ ನಿಧಾನಿಸಬೇಕು. ಫೆರಿಟಿನ್ ಏರಿದೆ ಎಂದರೆ ದಾಸ್ತಾನು ಹೆಚ್ಚಿದೆ ಎಂದೂ ಅರ್ಥ, ಮೈಯಲ್ಲಿ ಉರಿಯೂತವಿದೆ ಎಂದೂ ಅರ್ಥ. ಲಿವರಿನಲ್ಲಿ ಕೊಬ್ಬು ತುಂಬಿದರೂ ಏರುತ್ತದೆ, ಹೆಂಡ ಕುಡಿದರೂ ಏರುತ್ತದೆ, ಜ್ವರ ಬಂದರೂ ಏರುತ್ತದೆ. ಅಂದಮೇಲೆ ಕಬ್ಬಿಣದಿಂದ ಬೊಜ್ಜಿನ ಕಾಯಿಲೆಯೋ, ಬೊಜ್ಜಿನ ಕಾಯಿಲೆಯಿಂದ ಫೆರಿಟಿನ್ನೋ? ಎರಡೂ ಎಂದು ನನಗನ್ನಿಸುತ್ತದೆ. ಏರಿದ ಇನ್ಸುಲಿನ್ ಕೂಡ ಕೋಶಗಳೊಳಕ್ಕೆ ಕಬ್ಬಿಣವನ್ನು ಎಳೆಯುತ್ತದೆ. ಒಳಹೋದ ಕಬ್ಬಿಣ ಇನ್ಸುಲಿನ್ ಕೆಲಸ ಕೆಡಿಸುತ್ತದೆ. ಒಂದು ಇನ್ನೊಂದಕ್ಕೆ ಹುಲ್ಲು ಹಾಕುತ್ತದೆ. ಕಾರಣ ಪತ್ತೆಹಚ್ಚುವ ನೇರ ದಾರಿ ಎಂದರೆ ರಕ್ತ ತೆಗೆದು ಕಬ್ಬಿಣ ಇಳಿಸಿ ನೋಡುವುದು. ಅದನ್ನೂ ಮಾಡಿದ್ದಾರೆ. ಜರ್ಮನಿಯಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಇದ್ದ 64 ಮಂದಿಯ ಮೇಲೆ ನಡೆದು 2012ರಲ್ಲಿ ಬಂದ ಪ್ರಯೋಗದಲ್ಲಿ ರಕ್ತ ತೆಗೆಸಿಕೊಂಡವರ ಬಿ.ಪಿ. ಚೆನ್ನಾಗಿ ಇಳಿಯಿತು, ಶುಗರೂ ಸುಧಾರಿಸಿತು. ಇನ್ನೂರಕ್ಕೂ ಹೆಚ್ಚು ಮಂದಿಯ ಮೇಲೆ ಒಂದು ವರ್ಷ ನಡೆದ ಫ್ರಾನ್ಸಿನ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಾಗ ಸಕ್ಕರೆಯ ಮೇಲೆ ಅಂಥ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಕಬ್ಬಿಣವೊಂದೇ ಅಪರಾಧಿ ಎನ್ನುವವರನ್ನು ನಾನು ನಂಬುವುದಿಲ್ಲ. ಅದು ಉರಿಯುವ ಮನೆಗೆ ಬಿದ್ದ ಎಣ್ಣೆ. ಬೆಂಕಿ ಹಚ್ಚಿದ್ದು ಬಹುತೇಕ ಬೊಜ್ಜು ಮತ್ತು ಕುಳಿತೇ ಕಳೆಯುವ ಬದುಕು.

ಊಟದ ಕಬ್ಬಿಣ ಎಂದಾಗ ಒಂದು ಭೇದವನ್ನು ಮರೆಯಬಾರದು. ಮಾಂಸದಲ್ಲಿ, ಅದರಲ್ಲೂ ಕೆಂಪು ಮಾಂಸ, ಲಿವರು, ರಕ್ತದಲ್ಲಿ ಇರುವುದು ಹೀಮ್ ಕಬ್ಬಿಣ. ಸೊಪ್ಪು, ಕಾಳು, ರಾಗಿ, ಬೆಲ್ಲ, ಮಾತ್ರೆಯಲ್ಲಿರುವುದು ಹೀಮ್ ಅಲ್ಲದ ಕಬ್ಬಿಣ. ಹೀಮ್ ಕಬ್ಬಿಣ ತನ್ನದೇ ದಾರಿಯಲ್ಲಿ ಕರುಳು ಹೊಕ್ಕು ಶೇ 15ರಿಂದ 35ರವರೆಗೆ ಮೈಗೆ ಹತ್ತುತ್ತದೆ. ಉಗ್ರಾಣ ತುಂಬಿದ್ದರೂ ಅದರ ಬರವು ಅಷ್ಟಾಗಿ ತಗ್ಗುವುದಿಲ್ಲ. ಸಸ್ಯದ ಕಬ್ಬಿಣ ಹತ್ತುವುದು ಅದಕ್ಕಿಂತ ಬಹಳ ಕಡಿಮೆ, ದಾಸ್ತಾನು ಸಾಕಷ್ಟಿದ್ದರೆ ಇನ್ನೂ ಕಡಿಮೆ. ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ದಾದಿಯರು ಮತ್ತು ಆರೋಗ್ಯ ಕಾರ್ಯಕರ್ತರ ಆಹಾರವನ್ನು ದಶಕಗಳ ಕಾಲ ಬರೆದಿಟ್ಟುಕೊಂಡು ನಡೆಸಿದ ಹಾರ್ವರ್ಡ್ ಸಂಶೋಧಕರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೀಮ್ ಕಬ್ಬಿಣ ಅತಿ ಹೆಚ್ಚು ತಿಂದ ಗುಂಪಿಗೆ ಅತಿ ಕಡಿಮೆ ತಿಂದವರಿಗಿಂತ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಶೇ 26ರಷ್ಟು ಹೆಚ್ಚಿತ್ತು. ಸಸ್ಯದ ಕಬ್ಬಿಣಕ್ಕೆ ಅಂಥ ನಂಟು ಕಾಣಲಿಲ್ಲ. ಕೆಂಪು ಮಾಂಸದಲ್ಲಿ ಕಬ್ಬಿಣದ ಜೊತೆಗೆ ಬೇರೆ ಕೊಬ್ಬು, ಸಂಸ್ಕರಿಸಿದ ಮಾಂಸದಲ್ಲಿ ಉಪ್ಪು ಮತ್ತು ನೈಟ್ರೈಟ್ ಕೂಡ ಇರುತ್ತವೆ ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡೇ ಇದನ್ನು ಓದಬೇಕು. ಭಾನುವಾರಕ್ಕೊಮ್ಮೆ ಮಟನ್ ಸಾರು ಉಣ್ಣುವ ಮನೆಯವರು ಹೆದರಬೇಕಿಲ್ಲ. ಅಲ್ಲಿ ತಿನ್ನುವುದಕ್ಕೂ ಇಲ್ಲಿ ತಿನ್ನುವುದಕ್ಕೂ ಹೋಲಿಕೆಯೇ ಇಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರಿಗೆ ಮಾತ್ರ ಒಂದು ಮಾತು. ಅಲ್ಲಿನ ಕೆಲವು ಬೆಳಗಿನ ಸೀರಿಯಲ್‌ಗಳ ಒಂದು ಬಟ್ಟಲಿನಲ್ಲೇ 18 ಮಿಲಿಗ್ರಾಂ ಕಬ್ಬಿಣ ಸೇರಿಸಿರುತ್ತಾರೆ. ಅದರ ಮೇಲೆ ಕಬ್ಬಿಣವಿರುವ ಮಲ್ಟಿವಿಟಮಿನ್ ನುಂಗುವ ಐವತ್ತು ದಾಟಿದ ಗಂಡಸರು ಡಬ್ಬಿಯ ಹಿಂಬದಿ ಓದಬೇಕು.

ನಮ್ಮ ರಾಗಿಗೆ ಬರೋಣ. ರಾಗಿ ಎಂದರೆ ಕಬ್ಬಿಣ ಎಂದು ಎಷ್ಟು ಬಾರಿ ಕೇಳಿಲ್ಲ! ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ, ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗೂ ಮೇಲೆ. ಕಬ್ಬಿಣ ಸಾಧಾರಣ, ನಾಲ್ಕೈದು ಮಿಲಿಗ್ರಾಂ. ಅದರಲ್ಲೂ ರಾಗಿಯ ಸಿಪ್ಪೆಯ ಟ್ಯಾನಿನ್ ಮತ್ತು ಫೈಟೇಟು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡುವ ಹುರಿಹಿಟ್ಟಿನ ಪದ್ಧತಿ, ಅಂಬಲಿ ಹುಳಿಸುವ ಪದ್ಧತಿ ಆ ಹಿಡಿತವನ್ನು ಸಡಿಲಿಸುತ್ತವೆ. ಬಸ್ಸಾರಿನ ಸೊಪ್ಪಿಗೆ, ಕೋಸಂಬರಿಗೆ ನಿಂಬೆಹಣ್ಣು ಹಿಂಡಿದರೆ ಅದರ ಸಿ ವಿಟಮಿನ್ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಹಿರಿಯರ ಅಡುಗೆಯಲ್ಲಿ ಇವೆಲ್ಲ ಇದ್ದವು. ಅವುಗಳ ಪಕ್ಕದಲ್ಲಿ ನಾವು ತಂದಿಟ್ಟದ್ದು ಊಟವಾದ ಕೂಡಲೇ ಕಾಫಿ. ಊಟದ ಜೊತೆ ಕುಡಿದ ಕಾಫಿ ಕಬ್ಬಿಣ ಹತ್ತುವುದನ್ನು ಸುಮಾರು ಶೇ 40ರಷ್ಟು, ಚಹಾ ಶೇ 60ಕ್ಕೂ ಮೇಲೆ ತಗ್ಗಿಸಿದ್ದನ್ನು 1983ರ ಒಂದು ಪ್ರಯೋಗ ತೋರಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಕಾಫಿ ಅಡ್ಡಿಯಾಗಲಿಲ್ಲ. ಊಟ ಮುಗಿದು ಒಂದು ಗಂಟೆ ಬಿಟ್ಟು ಕುಡಿದಾಗ ಮಾತ್ರ ಊಟದ ಜೊತೆ ಕುಡಿದಷ್ಟೇ ಅಡ್ಡಿಯಾಯಿತು. ಚಿಕ್ಕಪ್ಪನ ಮಗಳು ಆ ನಾಲ್ಕು ದಿನ ಟಾನಿಕ್ಕು ಕುಡಿದದ್ದೂ ಬೆಳಗಿನ ಕಾಫಿಯ ಜೊತೆಯೇ.

ಸರ್ಕಾರ ಕೊಡುವ ಕಬ್ಬಿಣದ ಬಗ್ಗೆಯೂ ಯೋಚಿಸಬೇಕು. ಶಾಲಾ ಮಕ್ಕಳಿಗೆ, ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ಮಾತ್ರೆ, ಗರ್ಭಿಣಿಯರಿಗೆ ದಿನವೂ ಕೊಡುವ ಕೆಂಪು ಮಾತ್ರೆ, ಇವುಗಳ ಬಗ್ಗೆ ನನಗೆ ಅನುಮಾನವಿಲ್ಲ. ಯಾರಿಗೆ ಬೇಕು, ಎಷ್ಟು ಬೇಕು ಎಂದು ಗುರುತಿಸಿ ಕೊಡುವ ಕ್ರಮ ಅದು. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಯನ್ನು ಈ ಲೇಖನ ಓದಿ ಯಾವ ಗರ್ಭಿಣಿಯೂ ನಿಲ್ಲಿಸಬಾರದು. ಪಡಿತರದ ಅಕ್ಕಿಯ ವಿಷಯ ಬೇರೆ. ಸರ್ಕಾರಿ ಯೋಜನೆಗಳಲ್ಲಿ ಕೊಡುವ ಅಕ್ಕಿಗೆಲ್ಲ ಕಬ್ಬಿಣ ಸೇರಿಸಲಾಗುವುದು ಎಂದು ಪ್ರಧಾನಿ 2021ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಿಸಿದರು. ನೂರು ಕಾಳಿಗೆ ಒಂದರಂತೆ ಸಾರವರ್ಧಿತ ಕಾಳು ಬೆರೆಸಿದ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬುದು ನಿಯಮ. ತಿಂಗಳಿಗೆ ತಲೆಗೆ ಐದು ಕಿಲೋ ಎಂದು ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಐದರಿಂದ ಏಳು ಮಿಲಿಗ್ರಾಂ ಹೆಚ್ಚುವರಿ. ಐಸಿಎಂಆರ್ 2020ರಲ್ಲಿ ಅಂದಾಜಿಸಿದ ಸರಾಸರಿ ಅಗತ್ಯ ಗಂಡಸರಿಗೆ ದಿನಕ್ಕೆ 11 ಮಿಲಿಗ್ರಾಂ, ಹೆಂಗಸರಿಗೆ 15. ಆ ಅಕ್ಕಿ ಚೀಲಕ್ಕೆ ಮನೆಯಲ್ಲಿ ಯಾರು ಮಗಳು, ಯಾರು ಅಪ್ಪ ಎಂಬುದು ಗೊತ್ತಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ವರ್ಷಗಳಿಂದ ಎತ್ತುತ್ತಿದ್ದಾರೆ. ಭಾರತದಲ್ಲಿ ಊಟದ ಕಬ್ಬಿಣಕ್ಕೂ ರಕ್ತಹೀನತೆಗೂ ಇರುವ ನಂಟು ದುರ್ಬಲ ಎಂದು 2019ರಲ್ಲಿ ತೋರಿಸಿದ ಅವರ ತಂಡ, ಮಕ್ಕಳ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ರಕ್ತದ ಮಾದರಿಗಳ ಲೆಕ್ಕ ನೋಡಿ 2023ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಿತು: ಫೆರಿಟಿನ್ ಏರಿದ ಮಕ್ಕಳಲ್ಲಿ ಶುಗರು, ಬಿ.ಪಿ., ಕೊಬ್ಬಿನ ಏರುಪೇರೂ ಹೆಚ್ಚಾಗಿ ಕಾಣುತ್ತವೆ. 2016–18ರ ಅದೇ ಸಮೀಕ್ಷೆ, ಹದಿಹರೆಯದವರಲ್ಲಿ ಶೇ 28 ಮಂದಿಗೆ ರಕ್ತಹೀನತೆ ಇದ್ದರೂ ಕಬ್ಬಿಣದ ಕೊರತೆ ಶೇ 22 ಎಂದಿತ್ತು. ರಕ್ತಹೀನತೆಗೆ ಬಿ12, ಫೋಲೇಟ್, ಜಂತುಹುಳು, ಮತ್ತೆ ಮತ್ತೆ ಬರುವ ಸೋಂಕು ಇವೆಲ್ಲವೂ ಕಾರಣ. ಎಲ್ಲಕ್ಕೂ ಕಬ್ಬಿಣವೊಂದೇ ಮದ್ದಾಗಲಾರದು. ಅಳತೆ ಮಾಡದೆ ಎಲ್ಲರ ತಟ್ಟೆಗೂ ಒಂದೇ ಪ್ರಮಾಣ ಸುರಿಯುವುದನ್ನು ನಾನೂ ಒಪ್ಪಲಾರೆ. ಬಡವರಿಗೆ ತಲುಪಬೇಕಾದದ್ದು ಬೇಳೆ, ಮೊಟ್ಟೆ, ಹಣ್ಣು, ಸೊಪ್ಪು. ಅದನ್ನು ಕೊಡುವುದು ಖರ್ಚಿನ ಮಾತು ಎಂದು ಅಕ್ಕಿಗೆ ಪುಡಿ ಬೆರೆಸಿ ಮುಗಿಸಬಾರದು.

ಇಷ್ಟನ್ನೂ ಒಂದೇ ಸಲ ಚಿಕ್ಕಪ್ಪನಿಗೆ ಹೇಳಲಾಗಲಿಲ್ಲ. ಹಾಸನದಲ್ಲಿ ಒಬ್ಬ ವೈದ್ಯರ ಬಳಿ ಇಬ್ಬರನ್ನೂ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು ಟಾನಿಕ್ಕಿನ ಬಗ್ಗೆ. ನಿಲ್ಲಿಸಿ ಎಂದರು. ಹೊಟ್ಟೆಯ ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಇತ್ತು. ಆಮೇಲೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಪರೀಕ್ಷೆ ಬರೆದುಕೊಟ್ಟರು. ರಕ್ತದಲ್ಲಿ ಕಬ್ಬಿಣ ಹೊರುವ ಗಾಡಿಗಳಲ್ಲಿ ಎಷ್ಟು ಪಾಲು ತುಂಬಿದೆ ಎಂದು ಅಳೆಯುವ ಪರೀಕ್ಷೆ ಅದು. ಶೇ 45 ದಾಟಿದರೆ ನಿಜವಾದ ಕಬ್ಬಿಣದ ಹೊರೆಯೇ ಇರಬಹುದು, ಕಾರಣ ಹುಡುಕಬೇಕು. ಚಿಕ್ಕಪ್ಪನದು 31 ಬಂತು. "ಇದು ಬಹುಪಾಲು ಹೊಟ್ಟೆ, ಲಿವರು ಕೂಗ್ತಿರೋ ಸದ್ದು. ಟಾನಿಕ್ಕು ಅದಕ್ಕೆ ಸ್ವಲ್ಪ ಸೇರಿಸಿದೆ" ಎಂದರು ವೈದ್ಯರು. ರಕ್ತದಾನ ಮಾಡಬಹುದೇ ಎಂದು ಚಿಕ್ಕಪ್ಪ ಕೇಳಿದರು. ಒಮ್ಮೆ ಕೊಟ್ಟರೆ ಇನ್ನೂರು ಮಿಲಿಗ್ರಾಮಿನಷ್ಟು ಕಬ್ಬಿಣ ಹೊರಹೋಗುತ್ತದೆ ಎಂದು ನಾನು ಹೇಳಿದ್ದೆ. ಮೊದಲ ಸಲ ಕೊಡುವವರಿಗೆ ಅರವತ್ತು ದಾಟಿರಬಾರದು, ನಿಮಗಿನ್ನೂ ಎರಡು ವರ್ಷ ಇದೆ, ಬಿ.ಪಿ. ಹತೋಟಿಗೆ ಬಂದ ಮೇಲೆ ಕೊಡಿ, ಆದರೆ ಅದನ್ನು ಚಿಕಿತ್ಸೆ ಅಂದುಕೊಳ್ಳಬೇಡಿ, ಇನ್ನೊಬ್ಬರ ಜೀವಕ್ಕೆ ಅಂದುಕೊಳ್ಳಿ ಎಂದರು.

ಮಗಳ ವಿಷಯದಲ್ಲಿ ಅವರು ಹೇಳಿದ ಒಂದು ಮಾತು ನನಗೆ ಹೊಸದಾಗಿತ್ತು. ಅವಳ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ಎಚ್‌ಬಿಎ1ಸಿ, 5.9 ಬಂದಿತ್ತು. ಅವಳಿಗೂ ಅಪ್ಪನ ಹಾಗೆ ಸಕ್ಕರೆ ಶುರುವಾಯಿತೇ ಎಂದು ಚಿಕ್ಕಮ್ಮ ಕಣ್ಣೀರು ಹಾಕಿದ್ದರು. ಕಬ್ಬಿಣದ ಕೊರತೆ ಇದ್ದಾಗ ಕೆಂಪು ಕಣಗಳು ಹೆಚ್ಚು ದಿನ ಸುತ್ತುತ್ತವೆ, ಅವುಗಳಿಗೆ ಅಂಟುವ ಸಕ್ಕರೆಯೂ ಹೆಚ್ಚಾಗಿ ಕಾಣುತ್ತದೆ. ಈ ಸಂಖ್ಯೆಯನ್ನು ಈಗ ನಂಬಬೇಡಿ, ಖಾಲಿಹೊಟ್ಟೆಯ ಶುಗರ್ ನೋಡೋಣ ಎಂದರು ವೈದ್ಯರು. ಅದು 88 ಇತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಅದನ್ನು ದಿನ ಬಿಟ್ಟು ದಿನ, ರಾತ್ರಿ ಮಲಗುವ ಮುಂಚೆ, ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಲು ಹೇಳಿದರು. ದಿನವೂ ನುಂಗಿದರೆ ಮೊದಲ ಮಾತ್ರೆಯೇ ಹೆಪ್ಸಿಡಿನ್ ಏರಿಸಿ ಎರಡನೆಯದಕ್ಕೆ ಬಾಗಿಲು ಮುಚ್ಚುತ್ತದೆ. ಒಂದು ದಿನ ಬಿಟ್ಟರೆ ಹೆಚ್ಚು ಹತ್ತುತ್ತದೆ, ಹೊಟ್ಟೆಯೂ ಕಡಿಮೆ ತೊಳಸುತ್ತದೆ.

ಈಗ ಮಾರ್ಚ್. ಚಿಕ್ಕಪ್ಪ ಬೆಳಗ್ಗೆ ಕೆರೆ ಏರಿಯ ಮೇಲೆ ಐದು ಕಿಲೋಮೀಟರ್ ನಡೆಯುತ್ತಾರೆ. ರಾತ್ರಿ ಅನ್ನ ಬಿಟ್ಟಿದ್ದಾರೆ, ಸೊಂಟ 94ಕ್ಕೆ ಬಂದಿದೆ. ಮುಂದಿನ ಫೆರಿಟಿನ್ ಪರೀಕ್ಷೆ ಯುಗಾದಿ ಕಳೆದ ಮೇಲೆ. ಫೋನಿನಲ್ಲಿ ಅವರು ಕೇಳಿದ್ದು ಒಂದೇ: "ಈ ಸಲ ಬಾಣ ಕೆಳಗೆ ನೋಡಿದ್ರೆ ಒಳ್ಳೇದು ಅಲ್ವೇನಮ್ಮ?" ಹಿಂದಿನಿಂದ ಮಗಳ ದನಿ ಕೇಳಿಸಿತು, ಅವಳ ಹಿಮೋಗ್ಲೋಬಿನ್ 11.2 ಆಗಿದೆಯಂತೆ, ಮಹಡಿ ಹತ್ತಿ ಬಟ್ಟೆ ಒಣಹಾಕಿ ಬಂದಳಂತೆ.